ಪತ್ರಿಕೆಯ ಮೇಲೆ ಬಿದ್ದ ಕತ್ತರಿ

(ತಾಲ್ಲೂಕು ಕೇಂದ್ರವೊಂದರಲ್ಲಿ ಆರು ತಿಂಗಳ ಹೊಲಿಗೆ ತರಬೇತಿ ಮುಗಿಸಿದ ಮಹಿಳೆಯರಿಗೆ ಪ್ರಮಾಣಪತ್ರ ನೀಡುವ ಸಮಾರಂಭದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ.)



ಇಂಥ ಸಮಾರಂಭಗಳಲ್ಲಿ ನನ್ನ ಜಾಗ ವೇದಿಕೆಯಲ್ಲ, ಮುಂದಿನ ಸಾಲಿನ ಮೂಲೆಯ ಕುರ್ಚಿ. ಬಂದ ಗಣ್ಯರ ಹೆಸರುಗಳನ್ನು ಇನಿಷಿಯಲ್ ಸಹಿತ ತಪ್ಪಿಲ್ಲದೆ ಬರೆದುಕೊಂಡು, 'ಉಚಿತ ಹೊಲಿಗೆ ಯಂತ್ರ ವಿತರಣೆ' ಎಂದು ಶೀರ್ಷಿಕೆ ಕೊಟ್ಟು, ಹದಿನೈದು ಸಾಲು ಕಳುಹಿಸಿದರೆ ನನ್ನ ಕೆಲಸ ಮುಗಿಯಿತು. ನಾಲ್ಕು ವರ್ಷದ ವೃತ್ತಿಯಲ್ಲಿ ಆ ಶೀರ್ಷಿಕೆಯನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಯಂತ್ರ ಪಡೆದ ಹೆಣ್ಣುಮಗಳ ಹೆಸರನ್ನು ಒಮ್ಮೆಯೂ ಬರೆದ ನೆನಪಿಲ್ಲ. ಫೋಟೋದಲ್ಲಿ ಆಕೆ ಇರುತ್ತಾಳೆ, ಅಡಿಬರಹದಲ್ಲಿ ಇರುವುದಿಲ್ಲ.

ಆ ತಪ್ಪಿಗೆ ದಂಡವೋ ಎಂಬಂತೆ ನಿಮ್ಮ ಸಂಚಾಲಕಿಯವರು ನನ್ನನ್ನು ಮಾತಿಗೆ ಕರೆದರು. 'ನನಗೆ ಹೊಲಿಗೆ ಬರುವುದಿಲ್ಲ ಮೇಡಂ, ಹುಕ್ಕು ಹಾಕುವುದಷ್ಟೇ ಗೊತ್ತು' ಎಂದೆ. 'ನಿಮ್ಮ ಮನೆಯಲ್ಲಿ ತಾಯಿ ಹೊಲಿಯುತ್ತಾರಲ್ಲ, ಅದನ್ನೇ ಹೇಳಿ' ಎಂದರು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೂರು ತಿಂಗಳಿಗೆ ನನ್ನ ಹೆಸರಿನಲ್ಲಿ ಮೊದಲ ಲೇಖನ ಅಚ್ಚಾಯಿತು. ಕೆರೆಯ ಹೂಳಿನ ಬಗ್ಗೆ ಬರೆದದ್ದು. ಎರಡು ವಾರ ಬಿಟ್ಟು ಊರಿಗೆ ಹೋದಾಗ, ಅಮ್ಮ ಆ ಪುಟವನ್ನು ಜೋಪಾನವಾಗಿ ಎತ್ತಿಟ್ಟಿರುತ್ತಾಳೆ ಎಂದುಕೊಂಡಿದ್ದೆ. ಎತ್ತಿಟ್ಟಿದ್ದಳು, ನಿಜ, ಎದುರು ಮನೆಯವರ ಬ್ಲೌಸಿನ ಬೆನ್ನಿನ ಆಕಾರದಲ್ಲಿ. ಕಂಕುಳಿನ ಬಳಿ ಬರುವ ತಿರುವು ಸರಿಯಾಗಿ ನನ್ನ ಹೆಸರಿನ ನಡುವೆ ಹಾದುಹೋಗಿತ್ತು. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಅಮ್ಮ, 'ಹೊಸ ಪೇಪರು ಗರಿಗರಿಯಾಗಿರುತ್ತೆ ಕಣೇ, ಹಳೇದು ಮುದುರಿಕೊಳ್ಳುತ್ತೆ' ಅಂದಳು.

ನಮ್ಮ ಪತ್ರಿಕೆಗಳ ಪ್ರಸಾರ ವಿಭಾಗದವರು ಓದುಗರ ಬಗ್ಗೆ ಏನೇನೋ ಲೆಕ್ಕ ಇಡುತ್ತಾರೆ. ಆದರೆ ಕನ್ನಡ ಪತ್ರಿಕೆಗಳಿಂದ ಎಷ್ಟು ಬ್ಲೌಸುಗಳು, ಎಷ್ಟು ಲಂಗಗಳು, ಎಷ್ಟು ಮಕ್ಕಳ ಫ್ರಾಕುಗಳು ಹುಟ್ಟಿವೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಪತ್ರಿಕೆಯ ಒಂದು ಪುಟದ ಮೇಲೆ ಬ್ಲೌಸಿನ ಅರ್ಧ ಬೆನ್ನು ಆರಾಮವಾಗಿ ಕೂರುತ್ತದೆ. ಎದೆಯ ಸುತ್ತಳತೆ 36 ಇಂಚು ಎಂದಾದರೆ ಅದರ ಕಾಲು ಭಾಗ 9, ಹೊಲಿಗೆಗೆ ಮತ್ತು ಮುಂದೆ ಬಿಚ್ಚಿಕೊಳ್ಳುವುದಕ್ಕೆ 2 ಇಂಚು, ಒಟ್ಟು 11. ಮುಂಭಾಗದ ಕಂಕುಳ ತಿರುವು ಹಿಂಭಾಗಕ್ಕಿಂತ ಸುಮಾರು ಅರ್ಧ ಇಂಚು ಹೆಚ್ಚು ಒಳಕ್ಕೆ ಹೋಗಬೇಕು, ಏಕೆಂದರೆ ನಮ್ಮ ಕೈಗಳು ಮುಂದಕ್ಕೆ ಚಾಚುತ್ತವೆ, ಹಿಂದಕ್ಕಲ್ಲ. ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದವಳು ನಾನು. ಹೈಸ್ಕೂಲಿನಲ್ಲಿ ರೇಖಾಗಣಿತಕ್ಕೆ ಹೆದರುತ್ತಿದ್ದ ನನಗೆ, ಅಮ್ಮ ಅದನ್ನೇ ನೆಲದ ಮೇಲೆ ಹರಡಿಕೊಂಡು ಮಾಡುತ್ತಿದ್ದಾಳೆ ಎಂಬುದು ಹೊಳೆದದ್ದು ಈಚೆಗೆ.

ಅಳತೆಯ ಕಾಗದಕ್ಕೂ ಒಂದು ಚರಿತ್ರೆ ಇದೆ. ಅಮೆರಿಕದ ಮೆಸಾಚುಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬನೀಜರ್ ಬಟರಿಕ್ ಎಂಬ ದರ್ಜಿ ಇದ್ದ. ಬೇರೆ ಬೇರೆ ಅಳತೆಯ ಮೈಗಳಿಗೆ ಬೇರೆ ಬೇರೆ ಕಾಗದದ ಮಾದರಿ ಕತ್ತರಿಸಿ, ಮಡಿಸಿ ಮಾರುವ ವ್ಯಾಪಾರವನ್ನು ಆತ 1863ರಲ್ಲಿ ಶುರುಮಾಡಿದ. ಆತನ ಆರಂಭದ ಮಾದರಿಗಳಲ್ಲಿ ಜನಪ್ರಿಯವಾದದ್ದು ಯಾವುದು ಗೊತ್ತೆ? ಇಟಲಿಯ ಸ್ವಾತಂತ್ರ್ಯವೀರ ಗ್ಯಾರಿಬಾಲ್ಡಿಯ ಸಮವಸ್ತ್ರವನ್ನು ಹೋಲುವ, ಗಂಡುಮಕ್ಕಳ ಉಡುಪು. ಸಾವಿರಾರು ಮೈಲಿ ದೂರದ ಯುದ್ಧದ ನಾಯಕನ ವೇಷವನ್ನು ತಾಯಂದಿರು ಅಡುಗೆಮನೆಯ ಮೇಜಿನ ಮೇಲೆ ಹೊಲಿದು ಮಕ್ಕಳಿಗೆ ತೊಡಿಸಿದರು. ನಮ್ಮ ಶಾಲೆಗಳ ಛದ್ಮವೇಷ ಸ್ಪರ್ಧೆ ನೆನಪಾಗುವುದಿಲ್ಲವೆ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಂತ್ರದ ಮಾತು. ಹೊಲಿಗೆ ಯಂತ್ರ ಒಬ್ಬನ ತಲೆಯಿಂದ ಹುಟ್ಟಿದ್ದಲ್ಲ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲೇ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದು ಪ್ಯಾರಿಸಿನಲ್ಲಿ ಸೈನ್ಯಕ್ಕೆ ಸಮವಸ್ತ್ರ ಹೊಲಿಸತೊಡಗಿದ. ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ದರ್ಜಿಗಳು ನುಗ್ಗಿ ಆ ಯಂತ್ರಗಳನ್ನು ಪುಡಿಮಾಡಿದರು. ಇಂದು ನೀವು ತುಳಿಯುವ ಯಂತ್ರದ ಮೂಲ ಗುಟ್ಟಿಗೆ ಪೇಟೆಂಟ್ ಸಿಕ್ಕಿದ್ದು ಅಮೆರಿಕದ ಇಲಿಯಾಸ್ ಹೋವ್‌ಗೆ, 1846ರಲ್ಲಿ. ಕೈಸೂಜಿಯ ಕಣ್ಣು ಹಿಂತುದಿಯಲ್ಲಿರುತ್ತದೆ. ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರ. ಸೂಜಿ ಬಟ್ಟೆಯನ್ನು ಪೂರ್ತಿ ದಾಟಬೇಕಿಲ್ಲ. ಮೊನೆ ಕೆಳಗಿಳಿದು ನೂಲಿನ ಒಂದು ಕುಣಿಕೆ ಬಿಟ್ಟರೆ ಸಾಕು, ಕೆಳಗಿನ ಬಾಬಿನ್ನಿನ ನೂಲು ಅದರೊಳಗೆ ಸಿಕ್ಕಿಕೊಂಡು ಗಂಟಾಗುತ್ತದೆ. ಎರಡು ನೂಲುಗಳ ಈ ಜಗ್ಗಾಟ ಸಮವಾಗಿದ್ದರೆ ಹೊಲಿಗೆ, ಇಲ್ಲದಿದ್ದರೆ ಬಟ್ಟೆಯ ಅಡಿಯಲ್ಲಿ ಸಿಕ್ಕು.

ಸಿಂಗರ್ ಬಂದದ್ದು ಆಮೇಲೆ. ಐಸಾಕ್ ಸಿಂಗರ್ ವೃತ್ತಿಯಿಂದ ನಾಟಕದ ನಟ. ಬಾಸ್ಟನ್ನಿನ ಕಾರ್ಖಾನೆಯೊಂದರಲ್ಲಿ ಪದೇ ಪದೇ ಕೆಡುತ್ತಿದ್ದ ಒಂದು ಹೊಲಿಗೆ ಯಂತ್ರವನ್ನು ನೋಡಿ, ತಿದ್ದಿ, 1851ರಲ್ಲಿ ಪೇಟೆಂಟ್ ಮಾಡಿಸಿಕೊಂಡ. ಹೋವ್ ದಾವೆ ಹೂಡಿ ಗೆದ್ದು ಆತನಿಂದ ರಾಯಲ್ಟಿ ವಸೂಲು ಮಾಡಿದ್ದೂ ಉಂಟು. ಸಿಂಗರ್ ಕಂಪೆನಿಯ ನಿಜವಾದ ಜಾಣತನ ಇದ್ದದ್ದು ಮಾರಾಟದಲ್ಲಿ. 1856ರಿಂದ ಅದು ಯಂತ್ರವನ್ನು ಕಂತಿನ ಮೇಲೆ ಕೊಡಲಾರಂಭಿಸಿತು. ಇಂದು ಮನೆಮನೆಗೆ ಬಂದಿರುವ ಕಂತಿನ ಪದ್ಧತಿಗೆ ಹೊಲಿಗೆ ಯಂತ್ರವೂ ಒಂದು ಅಜ್ಜಿ ಎನ್ನಬಹುದು. ಆ ಕಾಲದ ಇನ್ನೊಂದು ಅಮೆರಿಕನ್ ಕಂಪೆನಿ, ವೀಲರ್ ಅಂಡ್ ವಿಲ್ಸನ್, ಒಂದು ಲೆಕ್ಕ ಪ್ರಕಟಿಸಿತ್ತು: ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ, ಯಂತ್ರದಲ್ಲಿ 1 ಗಂಟೆ 16 ನಿಮಿಷ. ಯಂತ್ರ ಮಾರುವವರೇ ಕೊಟ್ಟ ಲೆಕ್ಕ, ಸ್ವಲ್ಪ ಉಪ್ಪು ಖಾರ ಇರಬಹುದು. ಆದರೂ ಒಂದು ಅಂಗಿಗೆ ಹದಿನಾಲ್ಕು ಗಂಟೆ ಎಂಬ ಆ ಸಂಖ್ಯೆಯನ್ನು ಒಮ್ಮೆ ಯೋಚಿಸಿ. ಆ ಹದಿನಾಲ್ಕು ಗಂಟೆ ಯಾರದಾಗಿತ್ತು?

ಗಾಂಧೀಜಿಗೆ ಈ ಯಂತ್ರದ ಮೇಲೆ ವಿಶೇಷ ಪ್ರೀತಿ. ನೀವು ಎಲ್ಲ ಯಂತ್ರಗಳಿಗೂ ವಿರೋಧವೇ ಎಂದು 1924ರಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದಾಗ, ಅವರು ವಿನಾಯಿತಿಯಾಗಿ ಹೆಸರಿಸಿದ್ದು ಸಿಂಗರ್ ಹೊಲಿಗೆ ಯಂತ್ರವನ್ನು. ಹೆಂಡತಿ ಕೈಯಲ್ಲಿ ಹೊಲಿದು ಬಳಲುವುದನ್ನು ನೋಡಲಾರದೆ, ಆಕೆಯ ಮೇಲಿನ ಅಕ್ಕರೆಯಿಂದ ಸಿಂಗರ್ ಅದನ್ನು ಕಂಡುಹಿಡಿದ ಎಂಬ ಕಥೆಯನ್ನು ಅವರು ನಂಬಿದ್ದರು. ಕಥೆ ಚೆನ್ನಾಗಿದೆ, ಆದರೆ ಸಿಂಗರನಿಗೆ ಒಪ್ಪುವುದಿಲ್ಲ. ಆತನ ಸಂಸಾರಗಳೇ ಹಲವು. ಹೆಂಡತಿಯ ಹೊಲಿಗೆಯ ದುಡಿಮೆಯಲ್ಲಿ ಮನೆ ನಡೆಯುತ್ತಿದ್ದುದನ್ನು ಕುಳಿತು ನೋಡಿದವನು ಹೋವ್ ಎಂದು ಹೇಳುವುದುಂಟು. ಯಾರ ಕಥೆ ಯಾರಿಗಾದರೂ ಅಂಟಲಿ, ಗಾಂಧೀಜಿ ಹಿಡಿದ ಅಂಶ ಸರಿಯಾಗಿತ್ತು: ಮನುಷ್ಯನ ಬೆನ್ನು ಉಳಿಸುವ ಯಂತ್ರ ಬೇಕು, ಮನುಷ್ಯನನ್ನೇ ತಳ್ಳಿಹಾಕುವ ಯಂತ್ರ ಬೇಡ.

ನಮ್ಮ ದೇಶಕ್ಕೆ ಸಿಂಗರ್ ಯಂತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂದಾಗ ಕಂಪೆನಿಯವರಿಗೆ ಒಂದು ಪೇಚು ಎದುರಾಯಿತು. ಸೀರೆಗೆ ಹೊಲಿಗೆ ಬೇಡ, ಪಂಚೆಗೆ ಬೇಡ, ಶಲ್ಯಕ್ಕೆ ಬೇಡ. ಮಡಿಯ ಮನೆಗಳಲ್ಲಂತೂ ಕತ್ತರಿ ಬಿದ್ದ ಬಟ್ಟೆ ಪೂಜೆಗೆ ಬಾರದು. ಮನೆಯ ಹೆಂಗಸರಿಗೆ ಯಂತ್ರ ಮಾರಿ ಅಮೆರಿಕದಲ್ಲಿ ಹಣ ಮಾಡಿದವರು ಇಲ್ಲಿ ಬಹುತೇಕ ದರ್ಜಿಗಳಿಗೇ ಮಾರಬೇಕಾಯಿತು. ದರ್ಜಿ ಎಂದರೆ ಗಂಡಸು. ಕನ್ನಡದಲ್ಲಿ ಆತನಿಗೆ ಚಿಪ್ಪಿಗ ಎಂಬ ಹಳೆಯ ಹೆಸರೇ ಇದೆ, ಉತ್ತರ ಕರ್ನಾಟಕದಲ್ಲಿ ಸಿಂಪಿಗ. ಹನ್ನೆರಡನೆಯ ಶತಮಾನದ ಶರಣರಲ್ಲೂ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರ ಇದ್ದಾನೆ. ಸೂಜಿ ಹಿಡಿದವನ ದುಡಿಮೆ ಇಲ್ಲಿ ಕಾಯಕವೆಂದು ಹೆಸರು ಪಡೆದು ಎಂಟುನೂರು ವರ್ಷ ದಾಟಿತು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಇದರ ಅಗತ್ಯ ಬೀಳುತ್ತದೆ.

ಯಂತ್ರ ದರ್ಜಿಯ ಅಂಗಡಿಯಿಂದ ಮನೆಯೊಳಗೆ ಬಂದದ್ದಕ್ಕೆ ಮುಖ್ಯ ಕಾರಣ ರವಿಕೆ. ಹಾಗೆಂದು ರವಿಕೆ ಪರದೇಶದ್ದಲ್ಲ. ಕುಪ್ಪಸ ಎಂಬ ಪದ ಸಂಸ್ಕೃತದ ಕೂರ್ಪಾಸದಿಂದ ಬಂದದ್ದು, ಬಹಳ ಹಳೆಯದು. ಗುಳೇದಗುಡ್ಡದ ಮಗ್ಗಗಳಲ್ಲಿ ಖಣವನ್ನು ನೇಯುವುದೇ ಕುಪ್ಪಸಕ್ಕಾಗಿ. ಹುಕ್ಕಿಲ್ಲ, ಮುಂದೆ ಗಂಟು. ಆದರೆ ಸೀರೆಯ ಕೆಳಗೆ ಲಂಗ, ಮೇಲೆ ಮೈಗೊಪ್ಪುವ ಬ್ಲೌಸು ಎಂಬ ಇಂದಿನ ಜೋಡಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದರಲ್ಲಿ ದೊಡ್ಡ ಪಾತ್ರ ಜ್ಞಾನದಾನಂದಿನಿ ದೇವಿಯವರದು. ಅವರು ರವೀಂದ್ರನಾಥ ಠಾಕೂರರ ಅತ್ತಿಗೆ. ಪತಿ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ; ಅವರ ನೌಕರಿ ಮುಂಬಯಿ ಪ್ರಾಂತ್ಯದಲ್ಲಿ. ಅಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವ ಬಗೆಯನ್ನು ನೋಡಿ, ಕಲಿತು, ತಮ್ಮದೇ ರೀತಿಯಲ್ಲಿ ಬದಲಿಸಿ, ಬ್ಲೌಸು ಲಂಗಗಳೊಡನೆ ಜ್ಞಾನದಾನಂದಿನಿಯವರು ಬಂಗಾಳಕ್ಕೆ ಒಯ್ದರು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಇತರರಿಗೂ ಕಲಿಸಿದರು. ಈ ಸತ್ಯೇಂದ್ರನಾಥರೇ ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರರು ಕಾರವಾರಕ್ಕೆ ಬಂದು ತಂಗಿದ್ದು ಅಣ್ಣನ ಮನೆಯಲ್ಲೇ. ಅಲ್ಲಿನ ಕಡಲತೀರಕ್ಕೆ ಇಂದಿಗೂ ಅವರ ಹೆಸರಿದೆ. ಅತ್ತಿಗೆಯ ಹೆಸರು ಯಾವ ಬೀಚಿಗೂ ಇಲ್ಲ, ಇರಲಿ.

ಮೈಗೊಪ್ಪುವ ಬ್ಲೌಸು ಬಂದ ಮೇಲೆ ಅಳತೆ ಬಂತು. ಅಳತೆ ಕೊಡಲು ಗಂಡಸಿನ ಮುಂದೆ ನಿಲ್ಲಬೇಕೆ ಎಂಬ ಸಂಕೋಚ ಬಂತು. 'ಅಳತೆ ಬ್ಲೌಸು' ಕಳುಹಿಸುವ ಉಪಾಯ ಹುಟ್ಟಿದ್ದು ಆ ಸಂಕೋಚದಿಂದಲೇ ಇರಬೇಕು ಎಂದು ನನ್ನ ಊಹೆ. ಮಿಷನರಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಪಾಠವಾಗಿತ್ತು. 1930ರ ದಶಕದಲ್ಲಿ ಕೊಲ್ಕತ್ತದಲ್ಲಿ ಉಷಾ ಯಂತ್ರದ ತಯಾರಿಕೆ ಶುರುವಾಗಿ, ಸ್ವದೇಶಿ ಯಂತ್ರವೂ ಸಿಗುವಂತಾಯಿತು. ಮದುವೆಯಲ್ಲಿ ಮಗಳಿಗೆ ಹೊಲಿಗೆ ಯಂತ್ರ ಕೊಡುವ ಮನೆಗಳೂ ಹುಟ್ಟಿಕೊಂಡವು. ನಮ್ಮಮ್ಮನ ಯಂತ್ರ ಬಂದದ್ದೂ ಹಾಗೆಯೇ, ನಮ್ಮಜ್ಜಿಯ ಕಾಲಿನಿಂದ ಅಮ್ಮನ ಕಾಲಿಗೆ.

ಮನೆಯ ಹೊಲಿಗೆಗೂ ಅಂಗಡಿಯ ಹೊಲಿಗೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಡಿಯವನು ಇಂದಿನ ಮೈಗೆ ಹೊಲಿಯುತ್ತಾನೆ. ತಾಯಿ ಮುಂದಿನ ಮೂರು ವರ್ಷದ ಮೈಗೆ ಹೊಲಿಯುತ್ತಾಳೆ. ನನಗೆ ಏಳು ವರ್ಷವಿದ್ದಾಗ ಯುಗಾದಿಗೆ ಒಂದು ರೇಷ್ಮೆ ಲಂಗ ಹೊಲಿದಳು. ಅಂಚಿನ ಮೇಲೆ ಬಟ್ಟೆಯನ್ನು ಒಳಕ್ಕೆ ಮಡಿಸಿ ಮೂರು ಟಕ್ಸು ಹಿಡಿದಿದ್ದಳು, ನೋಡುವವರಿಗೆ ಅದು ಅಲಂಕಾರ. ಪ್ರತಿ ವರ್ಷ ಯುಗಾದಿಯ ಹಿಂದಿನ ದಿನ ಒಂದು ಟಕ್ಸು ಬಿಚ್ಚುತ್ತಿದ್ದಳು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಒಂದು ಪಟ್ಟಿ ಕಾಣುತ್ತಿತ್ತು. ಆ ಪಟ್ಟಿಗಳನ್ನು ಎಣಿಸಿ ನಾನು ಎಷ್ಟು ಬೆಳೆದೆ ಎಂದು ಹೇಳಬಹುದಾಗಿತ್ತು. ರವಿಕೆಯ ಪಕ್ಕದಲ್ಲೂ ಹಾಗೆಯೇ, ಒಳಗೆ ಬಟ್ಟೆ ಬಿಟ್ಟು ಒಂದರ ಪಕ್ಕ ಒಂದು ಎರಡು ಮೂರು ಹೊಲಿಗೆ. ಇಂದು ಅಂಗಡಿಯಲ್ಲಿ ಸಿಗುವ ಮಕ್ಕಳ ರೆಡಿಮೇಡ್ ಉಡುಪುಗಳ ಒಳಗನ್ನು ತಿರುಗಿಸಿ ನೋಡಿ. ಬಹುತೇಕ ಬಟ್ಟೆಗಳಲ್ಲಿ ಬಿಚ್ಚಲು ಒಳಗೆ ಏನೂ ಬಿಟ್ಟಿರುವುದಿಲ್ಲ.

ಈಗ ಛದ್ಮವೇಷ. ನಾಲ್ಕನೆಯ ತರಗತಿಯಲ್ಲಿದ್ದಾಗ, ನಾಳೆ ಸ್ಪರ್ಧೆ ಎಂದು ಇಂದು ಸಂಜೆ ಹೇಳಿದ ಮಗಳು ನಾನು. ಒನಕೆ ಓಬವ್ವ ಆಗಬೇಕು ಎಂದೆ. ಅಮ್ಮ ಬೈದಳು, ಆಮೇಲೆ ಟ್ರಂಕು ತೆರೆದಳು. ತನ್ನ ಒಂದು ಕೆಂಪು ನೂಲಿನ ಸೀರೆ ತೆಗೆದು, ನನ್ನ ಅಳತೆಗೆ ಮಡಿಸಿ, ಕಚ್ಚೆಯ ನೆರಿಗೆ ಹಿಡಿದು, ಓಡುವಾಗ ಬಿಚ್ಚದಂತೆ ಸೊಂಟದ ಬಳಿ ಪಟ್ಟಿ ಕೊಟ್ಟು, ರಾತ್ರಿ ಹನ್ನೊಂದರೊಳಗೆ ಮುಗಿಸಿದಳು. ನನಗೆ ಮೂರನೆಯ ಬಹುಮಾನ ಬಂತು, ಒಂದು ಪ್ಲಾಸ್ಟಿಕ್ ಡಬ್ಬಿ. ನಾನು ಇಲ್ಲಿ ಹೇಳಬೇಕೆಂದಿರುವುದು ಬಹುಮಾನದ ವಿಷಯವಲ್ಲ. ಆ ಇಡೀ ವೇಷದಲ್ಲಿ ಅಮ್ಮ ಒಂದು ಕಡೆಯೂ ಕತ್ತರಿ ಹಾಕಿರಲಿಲ್ಲ. ಎಲ್ಲವೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ. ಮರುದಿನ ನೂಲಿನ ತುದಿ ಹಿಡಿದು ಎಳೆದಳು, ಓಬವ್ವನ ಉಡುಗೆ ಮತ್ತೆ ಅಮ್ಮನ ಸೀರೆಯಾಯಿತು. ಆ ಸೀರೆಯನ್ನು ಆಕೆ ಇನ್ನೂ ನಾಲ್ಕು ವರ್ಷ ಉಟ್ಟಳು. ಅಮೆರಿಕದ ತಾಯಂದಿರು ಗ್ಯಾರಿಬಾಲ್ಡಿ ಉಡುಪಿಗೆ ಕಾಗದದ ಮಾದರಿ ಕೊಂಡರು. ನಮ್ಮ ತಾಯಂದಿರಿಗೆ ಮಾದರಿಯೂ ಇರಲಿಲ್ಲ, ಕತ್ತರಿಸಲು ಬಟ್ಟೆಯೂ ಇರಲಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಇದೇ ವಿದ್ಯೆ ಊರಿಗೆ ಬೇಕಾಯಿತು. ಅಂಗಡಿಗಳಲ್ಲಿ ಮಾಸ್ಕ್ ಸಿಗದ ಆ ದಿನಗಳಲ್ಲಿ ಸ್ವಸಹಾಯ ಸಂಘಗಳ ಹೆಂಗಸರು, ಮನೆಯ ಗೃಹಿಣಿಯರು ಹಳೆಯ ನೂಲಿನ ಬಟ್ಟೆ ಹಾಕಿ ಹೊಲಿದರು. ಅಮ್ಮನೂ ಹೊಲಿದಳು. ಎಷ್ಟು ಹೊಲಿದೆ ಎಂದು ಕೇಳಿದರೆ, 'ಯಾರು ಎಣಿಸಿದರು?' ಎನ್ನುತ್ತಾಳೆ.

ಅಲ್ಲಿಗೆ ನನ್ನ ಮುಖ್ಯ ವಿಷಯಕ್ಕೆ ಬಂದೆ. ಯಾರು ಎಣಿಸಿದರು?

2011ರ ಜನಗಣತಿಗೆ ಮೇಷ್ಟ್ರೊಬ್ಬರು ನಮ್ಮ ಮನೆಗೆ ಬಂದದ್ದು ನನಗೆ ನೆನಪಿದೆ. ಜಗಲಿಯಲ್ಲಿ ಕುಳಿತು, ಅಪ್ಪನ ಕೆಲಸ ಕೇಳಿ ಬರೆದುಕೊಂಡರು. 'ನಿಮ್ಮದು?' ಎಂದು ಅಮ್ಮನನ್ನು ಕೇಳಿದರು. ಒಳಗೆ ಯಂತ್ರದ ಮೇಲೆ ಯಾರದೋ ಮದುವೆಯ ಆರು ಬ್ಲೌಸುಗಳಿದ್ದವು. ಅಮ್ಮ, 'ನಾನು ಮನೇಲೇ ಇರ್ತೀನಿ ಸಾರ್' ಅಂದಳು. ಮೇಷ್ಟ್ರು ಬರೆದುಕೊಂಡರು. ಅವರದು ತಪ್ಪಿಲ್ಲ. ಅಮ್ಮನದೂ ಸುಳ್ಳಲ್ಲ, ಆಕೆ ಮನೆಯಲ್ಲೇ ಇದ್ದಳು.

ಜನಗಣತಿಯಲ್ಲದೆ, ಯಾರು ಯಾವ ಕೆಲಸ ಮಾಡುತ್ತಾರೆ ಎಂದು ತಿಳಿಯಲು ಸರ್ಕಾರ ನಡೆಸುವ ರಾಷ್ಟ್ರೀಯ ಮಾದರಿ ಸಮೀಕ್ಷೆಗಳಿವೆ. ಅವುಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ. ಸಂಬಳದ ನೌಕರರಿಗೆ 31. ಸ್ವಂತ ಉದ್ಯೋಗ ಮಾಡುವವರಿಗೆ 11. ಬರೀ ಮನೆಗೆಲಸ ಮಾಡುವವರಿಗೆ 92. ಅದರ ಮುಂದಿನದು 93: ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ಆರಿಸಿ ತರುವವರು ಮತ್ತು ಮನೆಯ ಬಳಕೆಗಾಗಿ ಹೊಲಿಯುವವರು, ನೇಯುವವರು. ಅಂದರೆ ಸರ್ಕಾರಕ್ಕೆ ನಿಮ್ಮ ಹೊಲಿಗೆ ಕಾಣಿಸದೆ ಇಲ್ಲ. ಕಾಣಿಸಿದೆ, ಹೆಸರಿಸಿದೆ, ಸಂಖ್ಯೆಯನ್ನೂ ಕೊಟ್ಟಿದೆ. ಕೊಟ್ಟು, 92 ಮತ್ತು 93 ಎರಡನ್ನೂ ದುಡಿಯುವವರ ಲೆಕ್ಕದಿಂದ ಹೊರಗಿಟ್ಟಿದೆ. ಮೂರು ವರ್ಷ ಬಾಳುವ ಲಂಗಕ್ಕೆ ಸಿಕ್ಕ ಸ್ಥಾನ ಇದು. ಅದೇ ಲಂಗವನ್ನು ಹಣಕ್ಕೆ ಹೊಲಿದು ಪಕ್ಕದ ಮನೆಗೆ ಕೊಟ್ಟರೆ ಸಂಖ್ಯೆ 11, ಕೂಡಲೇ ನೀವು ದುಡಿಮೆಗಾರರು.

ಇನ್ನೊಂದು ವಿಚಿತ್ರ ನೋಡಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಅವರು ಬೀದಿಗಿಳಿದಾಗ ಕೇಂದ್ರ ಸರ್ಕಾರವೇ ನಿಯಮ ಹಿಂತೆಗೆದುಕೊಂಡಿತು. ಲೆಕ್ಕದಲ್ಲಿ ಇರುವವರ ಶಕ್ತಿ ಅದು. ಆದರೆ ಅಲ್ಲಿ ಕೆಲಸವನ್ನು ಚೂರುಚೂರಾಗಿ ಹಂಚಿರುತ್ತಾರೆ. ಒಬ್ಬಾಕೆ ಬರೀ ಕಾಲರು, ಇನ್ನೊಬ್ಬಾಕೆ ಬರೀ ತೋಳು. ನಾನು ಮಾತನಾಡಿಸಿದ ಒಬ್ಬ ಹೆಣ್ಣುಮಗಳು ಎಂಟು ವರ್ಷ ಷರ್ಟಿನ ಕಫ್ ಹೊಲಿದಿದ್ದಳು. 'ಇಡೀ ಷರ್ಟು ಕಟಿಂಗ್ ಮಾಡು ಅಂದ್ರೆ ನಂಗೆ ಬರಲ್ಲ ಮೇಡಂ' ಎಂದಳು. ಆಕೆಯ ದುಡಿಮೆಯನ್ನು ನಾನು ಹಗುರ ಮಾಡುತ್ತಿಲ್ಲ. ಅಳತೆ ಹಿಡಿಯುವುದರಿಂದ ಹುಕ್ಕಿನವರೆಗೆ ಪೂರ್ತಿ ವಿದ್ಯೆ ಬಲ್ಲವಳು ಲೆಕ್ಕದ ಹೊರಗೆ, ಅದರ ಒಂದು ಚೂರು ಬಲ್ಲವಳು ಲೆಕ್ಕದ ಒಳಗೆ ಎಂಬುದಷ್ಟೇ ನನ್ನ ತಕರಾರು.

2019ರಲ್ಲಿ ಸರ್ಕಾರ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ತಿಳಿಯಿತು. 299 ನಿಮಿಷ ಎಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ.

ಹಣದ ಮಾತೂ ಬರಬೇಕು. ಅಂಗಡಿಯ ಟೈಲರ್ ಹೇಳಿದಷ್ಟು ಕೊಟ್ಟು ಬರುವವರು ಅಮ್ಮನ ಬಳಿ, 'ಮನೇಲೇ ಹೊಲೀತೀರಲ್ಲ, ಬಾಡಿಗೆ ಏನಿಲ್ಲವಲ್ಲ' ಎನ್ನುತ್ತಾರೆ. ಅಮ್ಮ 'ಏನಾದ್ರೂ ಕೊಡಿ' ಎನ್ನುತ್ತಾಳೆ. 'ಏನಾದ್ರೂ' ಎಂದರೆ ಒಮ್ಮೊಮ್ಮೆ ಒಂದು ರವಿಕೆ ಕಣ. ಅರಿಶಿನ ಕುಂಕುಮದ ಜೊತೆ ಬಂದು, ಮತ್ತೊಬ್ಬರ ಮನೆಗೆ ಹೋಗುವ, ಯಾರೂ ಹೊಲಿಸದ ಆ ಎಂಬತ್ತು ಸೆಂಟಿಮೀಟರ್ ಬಟ್ಟೆ ನಮ್ಮ ಟ್ರಂಕಿನಲ್ಲಿ ರಾಶಿ ಬಿದ್ದಿದೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು, ಸಲಕರಣೆಗೆ 15,000 ರೂಪಾಯಿವರೆಗೆ ನೆರವುಂಟು. ಅರ್ಜಿ ಹಾಕಮ್ಮ ಎಂದೆ. 'ನಾನೇನು ದರ್ಜಿಯೇ?' ಎಂದಳು. ಮೂವತ್ತು ವರ್ಷ ಯಂತ್ರ ತುಳಿದವಳ ಪ್ರಶ್ನೆ ಅದು. ಸೂಜಿಕಾಯಕದ ರಾಮಿತಂದೆಯ ಹೆಸರು ಹೇಳಿದೆ. 'ಅವರು ಶರಣರು' ಎಂದು ಸುಮ್ಮನಾದಳು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿದೆ. 1991ರ ಗಣತಿಯಲ್ಲಿ, ಹೊಲದಲ್ಲಿ ಅಥವಾ ಮನೆತನದ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸವೇ ಎಂದು ಪ್ರಶ್ನೆಯಲ್ಲಿ ಸ್ಪಷ್ಟವಾಗಿ ಸೇರಿಸಿದರು. ಅಂದರೆ ಪ್ರಶ್ನೆ ಬದಲಾಗಬಲ್ಲದು. ಉತ್ತರವೂ ಬದಲಾಗಬೇಕಷ್ಟೆ. ನಿಮ್ಮಲ್ಲಿ ಯಾರು ನೆರೆಹೊರೆಯವರಿಗೆ ಹಣ ಪಡೆದು ಹೊಲಿಯುತ್ತೀರೋ ಅವರು, ಗಣತಿಯವರು ಜಗಲಿಗೆ ಬಂದಾಗ ದಯವಿಟ್ಟು 'ಮನೇಲೇ ಇರ್ತೀನಿ' ಎನ್ನಬೇಡಿ. 'ಬಟ್ಟೆ ಹೊಲೀತೀನಿ, ಬರ್ಕೊಳಿ' ಎನ್ನಿ. ವರ್ಷದಲ್ಲಿ ಎಷ್ಟು ತಿಂಗಳು ಎಂದು ಕೇಳುತ್ತಾರೆ. ಮದುವೆ ಕಾಲ, ಹಬ್ಬದ ಕಾಲ, ಶಾಲೆ ಶುರುವಾಗುವ ಕಾಲ ಎಲ್ಲವನ್ನೂ ಕೂಡಿಸಿ ಹೇಳಿ. ಅದಕ್ಕಾಗಿ ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ: ಯಾರ ಬಟ್ಟೆ, ಯಾವ ದಿನ, ಎಷ್ಟು ಹಣ. ಅಮ್ಮನಿಗೂ ಒಂದು ತಂದುಕೊಟ್ಟಿದ್ದೇನೆ. ಹೋದ ವಾರ ತೆರೆದು ನೋಡಿದೆ, ಮೊದಲ ಪುಟದಲ್ಲಿ ಹಾಲಿನ ಲೆಕ್ಕ ಇತ್ತು. ಎರಡನೆಯ ಪುಟದಲ್ಲಿ, 'ಎದುರು ಮನೆ, ಬ್ಲೌಸು 2' ಎಂದು ಬರೆದು ಹಣದ ಜಾಗ ಖಾಲಿ ಬಿಟ್ಟಿದ್ದಳು.

ಪ್ರಮಾಣಪತ್ರಗಳು ಮೇಜಿನ ಮೇಲೆ ಕಾಯುತ್ತಿವೆ, ನನ್ನ ಮಾತು ಸಾಕು. ಫೋಟೋ ತೆಗೆದ ಮೇಲೆ ಎಲ್ಲರೂ ಒಂದು ನಿಮಿಷ ನಿಲ್ಲಿ. ಎಡದಿಂದ ಬಲಕ್ಕೆ ನಿಮ್ಮ ಹೆಸರುಗಳನ್ನು ಬರೆದುಕೊಳ್ಳಬೇಕು, ಇನಿಷಿಯಲ್ ಸಹಿತ.